ಮೊಳದುದ್ದದ ಕೊಳವೆ

ಮಕ್ಕಳ ಜೀವಕ್ಕೆ ಸಂಬಂಧಪಟ್ಟ ವಸ್ತುವನ್ನು ಕೊಳ್ಳುವಾಗ ನಮ್ಮಂತಹ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಲೆಕ್ಕ ನಡೆಯುತ್ತದೆ. ಬೆಲೆ ಹೆಚ್ಚಾದಷ್ಟೂ ಅಪಾಯ ಕಡಿಮೆ ಎಂಬುದು ಆ ಲೆಕ್ಕ. ಹೆಲ್ಮೆಟ್ಟಿನ ವಿಷಯದಲ್ಲಿ, ವಾಹನದ ಬ್ರೇಕಿನ ವಿಷಯದಲ್ಲಿ ಅದು ಸರಿಯಾಗಿಯೂ ಇರಬಹುದು. ಆದರೆ ಕಡಲಲ್ಲಿ ಉಸಿರು ಕಟ್ಟಿ ಮುಳುಗುವವರು ಬಾಯಿಗಿಟ್ಟುಕೊಳ್ಳುವ ಸ್ನಾರ್ಕೆಲ್ ಎಂಬ ಕೊಳವೆಯ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ನಮ್ಮ ಆಪಾರ ಮಗ ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾನೆ. ಶುಕ್ರವಾರದ ರಜೆಯಲ್ಲಿ ಗೆಳೆಯರ ಜೊತೆ ಕಡಲಿಗೆ ಹೋಗಿ ಹೋಗಿ ಅವನಿಗೆ ಮುಳುಗುವ ಹುಚ್ಚು ಹಿಡಿಯಿತು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳದೆ, ಒಂದೇ ಉಸಿರಿನಲ್ಲಿ ಇಳಿದು ಒಂದೇ ಉಸಿರಿನಲ್ಲಿ ಮೇಲೆ ಬರುವ ವಿದ್ಯೆ ಅದು. ಅದನ್ನು ಫ್ರೀಡೈವಿಂಗ್ ಎನ್ನುತ್ತಾರೆ. ಕೈಯಲ್ಲೊಂದು ಈಟಿ ಇದ್ದರೆ ಅದೇ ಮೀನುಬೇಟೆಯಾಗುತ್ತದೆ. ಒಂದು ರಾತ್ರಿ ಅವನು ಏಳೆಂಟು ಸ್ನಾರ್ಕೆಲ್‌ಗಳ ಚಿತ್ರ ಕಳಿಸಿ ಫೋನ್ ಮಾಡಿದ. “ಮಾಮು, ಇದರಲ್ಲಿ ಯಾವುದು ತಗೊಳ್ಳಲಿ? ನೀವು ಸ್ವಲ್ಪ ಓದಿ ನೋಡಿ ಹೇಳಿ.” ಕಥೆ ಬರೆಯುವವರು ಎಲ್ಲವನ್ನೂ ಓದಿರುತ್ತಾರೆ ಎಂಬುದು ನಮ್ಮ ಮನೆಯ ಮಕ್ಕಳ ನಂಬಿಕೆ. ಹಿಂದಿನಿಂದ ಆಪಾ ಫೋನ್ ಕಸಿದುಕೊಂಡವರಂತೆ ಹೇಳಿದರು: “ದುಡ್ಡಿನ ಮುಖ ನೋಡಬೇಡ. ಎಲ್ಲಕ್ಕಿಂತ ಒಳ್ಳೇದನ್ನೇ ಕೊಡಿಸು. ಅವನ ಉಸಿರು ಅದರಲ್ಲಿದೆ.”

ಆಪಾ ಹೀಗೆ ಹೇಳಲು ಕಾರಣವಿತ್ತು. ಆ ಹುಡುಗನ ಜೊತೆ ಒಂದೇ ಕೋಣೆಯಲ್ಲಿದ್ದ ಇನ್ನೊಬ್ಬ ಹುಡುಗ ಹಿಂದಿನ ವರ್ಷ ಕಡಲಲ್ಲಿ ಹೋಗಿಬಿಟ್ಟಿದ್ದ. ಒಳ್ಳೆಯ ಈಜುಗಾರ. ಅಂದು ಅಲೆ ಇರಲಿಲ್ಲ, ನೀರು ಕನ್ನಡಿಯಂತಿತ್ತು. ಒಬ್ಬನೇ ಹೋಗಿದ್ದ. ಸಿಕ್ಕಾಗ ಅವನ ಮುಖದ ಮೇಲೆ ಮಾಸ್ಕ್ ಹಾಗೆಯೇ ಇತ್ತು, ಅದರ ಪಕ್ಕದಲ್ಲಿ ಬೆಲೆಬಾಳುವ ಸ್ನಾರ್ಕೆಲ್ ಕೂಡಾ ಇತ್ತು. ಹಾಗಾಗಿ ನಮಗೆ ಇದು ಬರಿಯ ಅಂಗಡಿಯ ವ್ಯವಹಾರವಾಗಿ ಉಳಿಯಲಿಲ್ಲ. ಕೆಲವು ವಾರ ಓದಿದೆವು, ಬಲ್ಲವರನ್ನು ಕೇಳಿದೆವು. ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ಗಲ್ಫಿನಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಬಹಳ. ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿಯುವ ಹುಡುಗರೂ ಈಗ ಕಡಿಮೆಯೇನಿಲ್ಲ.

ಮೊದಲು ಈ ಕೊಳವೆ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಮುಳುಗುವವನು ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕೆಳಗೆ ನೋಡುತ್ತಿರಬೇಕು. ಪ್ರತಿ ಉಸಿರಿಗೂ ತಲೆ ಎತ್ತಿದರೆ ಕುತ್ತಿಗೆ ದಣಿಯುತ್ತದೆ, ಕೆಳಗಿನ ಮೀನು ಕಣ್ಣಿನಿಂದ ತಪ್ಪುತ್ತದೆ. ಕೊಳವೆ ಬಾಯಲ್ಲಿದ್ದರೆ ತಲೆ ಎತ್ತುವ ಕೆಲಸವಿಲ್ಲ. ಅದರ ಉಪಯೋಗ ಅಷ್ಟೇ. ಉಪಾಯ ಹಳೆಯದು. ಅರಿಸ್ಟಾಟಲ್ ಪ್ರಾಣಿಗಳ ಅಂಗಗಳ ಕುರಿತ ತನ್ನ ಗ್ರಂಥದಲ್ಲಿ ಆನೆಯ ಸೊಂಡಿಲನ್ನು ಮುಳುಗುಗಾರರ ಉಸಿರಾಟದ ಸಾಧನಕ್ಕೆ ಹೋಲಿಸಿದ್ದಾನೆ. ಹೆಸರು ಮಾತ್ರ ಹೊಸದು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ನೀರಿನಡಿಯಲ್ಲಿದ್ದುಕೊಂಡೇ ಡೀಸೆಲ್ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುತ್ತಿದ್ದ ಕೊಳವೆಯ ಹೆಸರಿನಿಂದ ಅದು ಬಂದಿದೆ.

ಹಾಗಾದರೆ ಕೊಳವೆಯನ್ನು ಉದ್ದ ಮಾಡಿ ಆಳದಲ್ಲೇ ಇರಬಾರದೇ? ಸಿನಿಮಾಗಳಲ್ಲಿ ನಾಯಕ ತಾವರೆಯ ದಂಟು ಬಾಯಿಗಿಟ್ಟು ಕೆರೆಯ ತಳದಲ್ಲಿ ಕೂರುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಆಗದ ಮಾತು. ಒಂದು ಮೀಟರ್ ಆಳದಲ್ಲಿ ನೀರು ದೇಹದ ಪ್ರತಿ ಚದರ ಸೆಂಟಿಮೀಟರ್ ಮೇಲೆ 100 ಗ್ರಾಂ ಭಾರ ಹೇರುತ್ತದೆ. ಅಂದರೆ ಅಂಗೈಯಷ್ಟಗಲದ ಜಾಗಕ್ಕೆ ಸುಮಾರು 10 ಕಿಲೋ. ಇಡೀ ಎದೆಯ ಮೇಲೆ ಆ ಭಾರ ಹೊತ್ತು ಮೇಲಿನ ಗಾಳಿಯನ್ನು ಎಳೆದುಕೊಳ್ಳುವ ಶಕ್ತಿ ನಮ್ಮ ಪಕ್ಕೆಲುಬುಗಳಿಗಿಲ್ಲ. ಕೌರವೇಶ್ವರ ವೈಶಂಪಾಯನ ಸರೋವರದಲ್ಲಿ ಅಡಗಿ ಕೂರಲು ಜಲಸ್ತಂಭನ ವಿದ್ಯೆ ಬೇಕಾಯಿತು. ಕೊಳವೆಯಿಂದ ಆಗುತ್ತಿರಲಿಲ್ಲ.

ಕೊಳವೆ ಉದ್ದವಾದರೆ ಇನ್ನೊಂದು ತೊಂದರೆಯೂ ಇದೆ. ಸಾಧಾರಣ ಉಸಿರೊಂದರಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಒಳಹೋಗುತ್ತದೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಗಂಟಲು, ಶ್ವಾಸನಾಳಗಳಲ್ಲೇ ನಿಂತು ಹಿಂದಿರುಗುತ್ತದೆ. ರಕ್ತಕ್ಕೆ ಅದರಿಂದ ಪ್ರಯೋಜನವಿಲ್ಲ. ಕೊಳವೆ ಈ ಸತ್ತ ಜಾಗವನ್ನು ಹೆಚ್ಚಿಸುತ್ತದೆ. 40 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಸುಮಾರು 125 ಮಿಲಿಲೀಟರ್ ಬಿಟ್ಟ ಉಸಿರು ಉಳಿಯುತ್ತದೆ. ಅದನ್ನೇ 60 ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ಅಗಲ ಮಾಡಿದರೆ 290 ದಾಟುತ್ತದೆ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡನ್ನೇ ಮತ್ತೆ ಎಳೆದುಕೊಳ್ಳುತ್ತೇವೆ. ಕೊಳವೆ ತೀರಾ ಸಪೂರವಾದರೂ ಕಷ್ಟ, ಉಸಿರೆಳೆಯಲು ಒದ್ದಾಡಬೇಕು. ಆದ್ದರಿಂದ ಮೊಳದುದ್ದಕ್ಕಿಂತ ಸ್ವಲ್ಪ ಕಡಿಮೆ, ಹೆಬ್ಬೆರಳಿನಷ್ಟು ದಪ್ಪ. ಅನುಭವಸ್ಥರು ಒಪ್ಪುವ ಅಳತೆ ಇದು.

ಹುಡುಗ ಕಳಿಸಿದ ಚಿತ್ರಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಮುಖವನ್ನೆಲ್ಲ ಮುಚ್ಚುವ ಗಾಜಿನ ಮುಸುಕು. ಅದನ್ನು ಮೊದಲು ಬದಿಗಿಟ್ಟೆವು. ಆಳಕ್ಕೆ ಹೋಗುವಾಗ ಕಿವಿ ಬಿಗಿಯುತ್ತದೆ, ಮೂಗು ಹಿಡಿದು ಊದಿ ಅದನ್ನು ಸಡಿಲಿಸಬೇಕು. ಆ ಮುಸುಕಿನೊಳಗೆ ಸಾಮಾನ್ಯವಾಗಿ ಮೂಗಿಗೆ ಕೈ ಮುಟ್ಟುವುದಿಲ್ಲ. ಒಳಗಿನ ಗಾಳಿಯ ಜಾಗವೂ ದೊಡ್ಡದು, ಇಳಿದಂತೆ ಅದು ಮುಖಕ್ಕೆ ಒತ್ತಿಕೊಳ್ಳುತ್ತದೆ. ಮೇಲೆ ತೇಲುತ್ತಾ ಮೀನು ನೋಡುವ ಪ್ರವಾಸಿಗಳಿಗೆಂದು ಮಾಡಿದ ವಸ್ತುವದು. ಮುಳುಗುವವನಿಗೆ ಹೇಳಿದ್ದಲ್ಲ.

ಎರಡನೆಯದು ಡ್ರೈ ಟಾಪ್. ನೀರು ನುಗ್ಗದಂತೆ ತುದಿಯಲ್ಲಿ ಬಿರಡೆಯಂತಹ ತೇಲುಮುಚ್ಚಳ ಇರುತ್ತದೆ. ಹೊಸಬರಿಗೆ ಇದು ಹಿತವೆನಿಸುತ್ತದೆ. ಆದರೆ ಮುಳುಗಿದಾಗ ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡು ಅದು ಮೇಲಕ್ಕೆ ಎಳೆಯುತ್ತದೆ. ತುದಿಯ ದಪ್ಪ ಗೂಡು ನೀರನ್ನು ಸೀಳುವಾಗ ಅಡ್ಡವಾಗುತ್ತದೆ. ಮುಚ್ಚಳ ಅಂಟಿಕೊಂಡರೆ ಬೇಕಾದ ಹೊತ್ತಿಗೆ ಗಾಳಿ ಬರುವುದಿಲ್ಲ. ಮೂರನೆಯದರ ಬುಡದಲ್ಲಿ ನೀರು ಹೊರಹಾಕುವ ವಾಲ್ವ್ ಇತ್ತು. ರಬ್ಬರಿನ ಆ ತೆಳುಪದರದ ನಡುವೆ ಒಂದು ಮರಳಿನ ಕಣ ಕೂತರೆ ಸಾಕು, ನೀರು ಸೋರಲು ತೊಡಗುತ್ತದೆ. ಗುಳುಗುಳು ಸದ್ದೂ ಆಗುತ್ತದೆ. ಮೀನಿಗೆ ಕಿವಿ ಕಾಣುವುದಿಲ್ಲವಾದರೂ ಸದ್ದು ಚೆನ್ನಾಗಿ ತಿಳಿಯುತ್ತದೆ. ನಾಲ್ಕನೆಯದು ವಾಷಿಂಗ್ ಮೆಷಿನ್ನಿನ ಪೈಪಿನಂತೆ ನೆರಿಗೆ ನೆರಿಗೆಯಾಗಿ ಬಾಗುವಂಥದು. ನೆರಿಗೆಗಳ ಒಳಗೆ ನೀರು ನಿಲ್ಲುತ್ತದೆ, ಊದಿದರೂ ಪೂರ್ತಿ ಹೋಗುವುದಿಲ್ಲ.

ಕೊನೆಗೆ ಉಳಿದದ್ದು ಇಂಗ್ಲಿಷಿನ ‘ಜೆ’ ಅಕ್ಷರದ ಆಕಾರದ ಸಾದಾ ಕೊಳವೆ. ಮುಚ್ಚಳವಿಲ್ಲ, ವಾಲ್ವಿಲ್ಲ, ನೆರಿಗೆಯಿಲ್ಲ. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಅದೇ.

ಸಾದಾ ಕೊಳವೆಯಲ್ಲೂ ನೋಡಬೇಕಾದ್ದು ಕೆಲವಿವೆ. ಮುಟ್ಟಿದರೆ ಸ್ವಲ್ಪ ಬಾಗುವ ಮೆದು ವಸ್ತುವಿನದಾದರೆ ಬಂಡೆಗೆ ತಾಗಿದರೂ ಮಾಸ್ಕ್ ಕೀಳುವುದಿಲ್ಲ. ತೀರಾ ಮೆದುವಾದರೆ ವೇಗವಾಗಿ ಈಜುವಾಗ ನಡುಗುತ್ತದೆ. ಬಾಯಿಗಿಡುವ ಭಾಗ ಮೆತ್ತನೆಯ ಸಿಲಿಕೋನಿನದಾಗಿರಬೇಕು. ಅದನ್ನು ಪರೀಕ್ಷಿಸಲು ಕಡಲು ಬೇಡ. ಡಿಸೆಂಬರಿನಲ್ಲಿ ರಜೆಗೆ ಬಂದಾಗ ಹುಡುಗ ಅದನ್ನು ಬಾಯಲ್ಲಿ ಕಚ್ಚಿಕೊಂಡು ಅರ್ಧ ಗಂಟೆ ಚಾವಡಿಯಲ್ಲಿ ಕೂತು ಪೇಪರ್ ಓದಿದ. ಆಪಾ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ದವಡೆ ನೋಯಲಿಲ್ಲ, ಒಸಡು ಉಜ್ಜಲಿಲ್ಲ ಎಂದರೆ ಅದು ಆ ಬಾಯಿಗೆ ಸರಿ. ಬಣ್ಣದ ವಿಷಯದಲ್ಲಿ ಬೇಟೆಗಾರರು ಕಂದು, ಹಸಿರು, ಕಪ್ಪನ್ನು ಇಷ್ಟಪಡುತ್ತಾರೆ. ಆದರೆ ತುದಿಯಲ್ಲಿ ಒಂದು ಕೇಸರಿ ಅಥವಾ ಹಳದಿ ಪಟ್ಟಿ ಇರಲಿ. ಮೀನಿಗೆ ಕಾಣದಿರುವುದಕ್ಕಿಂತ ದೋಣಿಯವನಿಗೆ ಕಾಣುವುದು ಮುಖ್ಯ.

ಇಷ್ಟೆಲ್ಲ ನೋಡಿ ಆರಿಸಿದ ಕೊಳವೆಯನ್ನು ಮುಳುಗುವ ಮುನ್ನ ಬಾಯಿಂದ ತೆಗೆಯಬೇಕು. ಸ್ನಾರ್ಕೆಲ್ ಬಗ್ಗೆ ಕಲಿಯಬೇಕಾದ ಮೊದಲ ಪಾಠ ಇದು. ಕೊಳವೆ ಬಾಯಲ್ಲೇ ಇದ್ದರೆ ಇಳಿಯುವಾಗ ಅದರೊಳಗಿನ ಗಾಳಿ ಗುಳ್ಳೆಗಳಾಗಿ ಎದ್ದು ಮೀನು ಓಡುತ್ತದೆ. ಅದು ಸಣ್ಣ ನಷ್ಟ. ದೊಡ್ಡದು ಮೇಲೆ ಬಂದಾಗ ಆಗುತ್ತದೆ. ಕೊಳವೆ ತುಂಬ ನೀರಿರುತ್ತದೆ, ಅದನ್ನು ಜೋರಾಗಿ ಊದಿ ಹೊರಹಾಕಬೇಕು. ಅಂದರೆ ದೇಹ ಗಾಳಿಗಾಗಿ ಕಾದಿರುವಾಗ ಉಳಿದ ಗಾಳಿಯನ್ನೂ ಚೆಲ್ಲಬೇಕು. ಮುಳುಗಿ ಎದ್ದವನು ಮೊದಲು ಚಿಕ್ಕದಾಗಿ ಉಸಿರು ಬಿಟ್ಟು ತಕ್ಷಣ ದೊಡ್ಡದಾಗಿ ಎಳೆದುಕೊಳ್ಳಬೇಕು. ಅದಕ್ಕೆ ಬಾಯಿ ಖಾಲಿ ಇರಬೇಕು. ಪ್ರಜ್ಞೆ ತಪ್ಪಿದರಂತೂ ಬಾಯಲ್ಲಿರುವ ತೆರೆದ ಕೊಳವೆ ನೀರಿಗೆ ದಾರಿಯಾಗುತ್ತದೆ.

ಒಳ್ಳೆಯ ಈಜುಗಾರನಿಗೂ ಪ್ರಜ್ಞೆ ತಪ್ಪುವುದು ಏಕೆ? ಉಸಿರು ಬೇಕೆಂಬ ಸಂಕಟವನ್ನು ನಮಗೆ ಮುಖ್ಯವಾಗಿ ಕೊಡುವುದು ಇಂಗಾಲದ ಡೈಆಕ್ಸೈಡಿನ ಏರಿಕೆ. ಕೆಲವರು ಮುಳುಗುವ ಮುನ್ನ ಕೊಳವೆಯಲ್ಲಿ ಭುಸಭುಸನೆ ಹತ್ತಿಪ್ಪತ್ತು ಉಸಿರು ಎಳೆದು ಬಿಡುತ್ತಾರೆ. ಅದರಿಂದ ರಕ್ತದಲ್ಲಿ ಆಮ್ಲಜನಕ ಹೆಚ್ಚೇನೂ ಕೂಡುವುದಿಲ್ಲ, ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಎಚ್ಚರಿಸುವ ಗಂಟೆಯ ನಾಲಿಗೆ ಕಿತ್ತಂತೆ. ಇನ್ನು 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಮೂರು ಪಟ್ಟು. ಆ ಒತ್ತಡದಲ್ಲಿ ಅಳಿದುಳಿದ ಆಮ್ಲಜನಕವೂ ಮೆದುಳಿಗೆ ಸಾಕಾಗುತ್ತದೆ. ಮೇಲೇರಿದಂತೆ ಒತ್ತಡ ಇಳಿದು ಅದು ಸಾಲದಾಗುತ್ತದೆ. ಕೊನೆಯ ಕೆಲವು ಮೀಟರುಗಳಲ್ಲಿ, ಇಲ್ಲವೇ ಮೇಲೆ ಬಂದು ಮುಖ ತೋರಿಸಿದ ಮೇಲೆ, ದೀಪ ಆರಿದಂತೆ ಪ್ರಜ್ಞೆ ಹೋಗುತ್ತದೆ. ನೋವಿಲ್ಲ, ಒದ್ದಾಟವಿಲ್ಲ, ಕೂಗಿಲ್ಲ. ಪಕ್ಕದಲ್ಲಿ ಒಬ್ಬನಿದ್ದು ಮುಖವನ್ನು ನೀರಿನಿಂದ ಮೇಲೆತ್ತಿ ಹಿಡಿದರೆ ಬಹಳಷ್ಟು ಸಲ ಕೆಲವೇ ಕ್ಷಣಗಳಲ್ಲಿ ಉಸಿರು ಮರಳುತ್ತದೆ. ಯಾರೂ ಇಲ್ಲದಿದ್ದರೆ ಮರಳುವುದಿಲ್ಲ. ಆ ಕನ್ನಡಿಯಂತಹ ನೀರಿನಲ್ಲಿ ಕೋಣೆಯ ಗೆಳೆಯ ಹೇಗೆ ಹೋಗಿರಬಹುದು ಎಂಬುದು ಇದನ್ನು ಓದಿದ ಮೇಲೆ ನಮ್ಮ ಹುಡುಗನಿಗೆ ಹೊಳೆಯಿತು. ಆ ದಿನ ಅವನು ಮತ್ತೆ ಫೋನ್ ಮಾಡಲಿಲ್ಲ.

ನಾವು ಉರ್ದು ಶಾಲೆಯಲ್ಲಿ ಕಲಿಯುವಾಗ ‘ಗವ್ವಾಸ್’ ಎಂಬ ಪದ ಬರುತ್ತಿತ್ತು. ಮುಳುಗಿ ಮುತ್ತು ತರುವವನು. ಶಾಯರಿಯಲ್ಲಿ ಅವನೊಬ್ಬನೇ ಇರುತ್ತಾನೆ, ಅವನ ಧೈರ್ಯ, ಅವನ ಮುತ್ತು. ನಮ್ಮ ಮಕ್ಕಳು ಇಂದು ದುಡಿಯುವ ಗಲ್ಫಿನ ನಿಜವಾದ ಮುತ್ತಿನ ದೋಣಿಗಳಲ್ಲಿ ಹಾಗಿರಲಿಲ್ಲ. ಮುಂಬಯಿಯ ಪೇಟೆಗೆ ಮುತ್ತು ಕಳಿಸುತ್ತಿದ್ದ ಆ ದೋಣಿಗಳಲ್ಲಿ ಮುಳುಗುವವನು ‘ಗೈಸ್’. ಮೂಗಿಗೆ ‘ಫಿತಾಮ್’ ಎಂಬ ಚಿಮಟಿ, ಕಾಲಿಗೆ ಕಲ್ಲಿನ ಭಾರ, ಸೊಂಟಕ್ಕೆ ಹಗ್ಗ. ಸ್ನಾರ್ಕೆಲ್ ಇರಲಿಲ್ಲ. ಹಗ್ಗದ ಇನ್ನೊಂದು ತುದಿ ಹಿಡಿದು ದೋಣಿಯಲ್ಲಿ ನಿಂತವನು ‘ಸೈಬ್’. ಕೆಳಗಿನಿಂದ ಹಗ್ಗ ಜಗ್ಗಿದ ಕೂಡಲೇ ಎಳೆದು ಮೇಲೆ ತರುವುದು ಅವನ ಕೆಲಸ. 1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಕುಸಿತ ಮತ್ತು ಜಪಾನಿನ ಸಾಕಿದ ಮುತ್ತುಗಳಿಂದ ಆ ಕಸುಬು ಮುರಿದುಬಿತ್ತು. 2012ರಲ್ಲಿ ಬಹ್ರೈನಿನ ಮುತ್ತಿನ ತಾಣಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಶಾಯರಿಯಲ್ಲಿ ಸೈಬ್‌ನ ಹೆಸರನ್ನು ನಾವು ಕಂಡಿಲ್ಲ. ಆದರೆ ಗೈಸ್ ತನ್ನ ಜೀವವನ್ನು ಒಪ್ಪಿಸುತ್ತಿದ್ದದ್ದು ಅವನ ಕೈಗೆ.

ನಮ್ಮ ಕರಾವಳಿಯ ಬಂಡೆಗಳಲ್ಲಿ ಪಚ್ಚಿಲೆ ಕೀಳಲು ಮುಳುಗುವವರೂ ಉಸಿರು ಕಟ್ಟಿಯೇ ಮುಳುಗುತ್ತಾರೆ. ಒಂದು ಕನ್ನಡಕ, ಒಂದು ಕಬ್ಬಿಣದ ಉಳಿ, ಒಂದು ಬಲೆಚೀಲ. ಹುಡುಗನನ್ನು ಅಂಥ ಹಿರಿಯರೊಬ್ಬರ ಬಳಿಗೆ ಕರೆದೊಯ್ದೆವು. ಅವರು ಹೊಸ ಕೊಳವೆಯನ್ನು ತಿರುಗಿಸಿ ನೋಡಿ, ಒಮ್ಮೆ ಊದಿ, “ಚೆಂದ ಉಂಟು ಮಾರಾಯ. ಮೇಲೆ ಯಾರು ನಿಲ್ಲುವುದು?” ಎಂದು ಕೇಳಿದರು. ಮಾಮುವಿನ ಇಷ್ಟು ದಿನದ ಓದು ಆ ಒಂದು ಪ್ರಶ್ನೆಯಲ್ಲಿತ್ತು. ಫ್ರೀಡೈವಿಂಗ್ ಕಲಿಸುವವರ ನಿಯಮವೂ ಅದೇ. ಒಬ್ಬ ಕೆಳಗೆ, ಒಬ್ಬ ಮೇಲೆ. ಮೇಲಿದ್ದವನು ಆಗ ಮೀನು ಹುಡುಕಬಾರದು. ಕೆಳಗಿನವನು ಎದ್ದು ಬಂದ ಮೇಲೂ ಅರ್ಧ ನಿಮಿಷ ಅವನ ಮುಖದಿಂದ ಕಣ್ಣು ಕೀಳಬಾರದು. ನೀರಿನಡಿ ಕಳೆದ ಹೊತ್ತಿನ ಎರಡರಷ್ಟಾದರೂ ಮೇಲೆ ವಿಶ್ರಾಂತಿ ಬೇಕು. ಆ ವಿಶ್ರಾಂತಿಯ ಹೊತ್ತಿನಲ್ಲೇ ಸ್ನಾರ್ಕೆಲ್ ಬೆಲೆಬಾಳುವುದು. ಬೋರಲು ತೇಲುತ್ತಾ, ನಿಧಾನ ಉಸಿರಾಡುತ್ತಾ, ಕೆಳಗಿರುವ ಗೆಳೆಯನನ್ನು ಕಾಯುವವನ ಸಾಧನ ಅದು. ಕಾಯುವವನಿಲ್ಲದಿದ್ದರೆ ಬರೀ ಪ್ಲಾಸ್ಟಿಕ್.

ಈಟಿಯ ಮಾತು ಬಂದಾಗ ಇನ್ನೊಂದನ್ನೂ ಹೇಳಿದೆವು. ಈಟಿ ಹಿಡಿಯುವ ಮುನ್ನ ಆ ದೇಶದ ಕಾನೂನನ್ನು ಓದಬೇಕು. ಹಲವು ದೇಶಗಳಲ್ಲಿ ಸಿಲಿಂಡರ್ ಕಟ್ಟಿಕೊಂಡು ಈಟಿಬೇಟೆ ಮಾಡುವುದು ನಿಷಿದ್ಧ. ನಮ್ಮಲ್ಲಿ ಕಡಲಾಮೆ, ತಿಮಿಂಗಿಲ ಶಾರ್ಕ್, ಕಡಲಕುದುರೆ, ದೈತ್ಯ ಗ್ರೂಪರ್ ಮೀನುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬಲೆಗೆ ಕಣ್ಣಿಲ್ಲ, ಸಿಕ್ಕಿದ್ದನ್ನೆಲ್ಲ ಬಾಚುತ್ತದೆ. ಈಟಿ ಹಿಡಿದವನಿಗೆ ಕಣ್ಣಿದೆ. ನೋಡಿ ಬಿಡಬಲ್ಲವನು ನೋಡಿ ಬಿಡಬೇಕು.

ಹುಡುಗ ಆ ಸಾದಾ ಕೊಳವೆಯನ್ನೇ ಒಯ್ದಿದ್ದಾನೆ. ಆಪಾರಿಗೆ ಮೊದಲು ಸಮಾಧಾನವಾಗಲಿಲ್ಲ, ಇಷ್ಟು ಅಗ್ಗದ್ದನ್ನು ನಂಬುವುದು ಹೇಗೆ ಎಂದು. ಈಗ ಅವರು ಗುರುವಾರ ರಾತ್ರಿ ಫೋನಿನಲ್ಲಿ ಮಗನನ್ನು ಕೊಳವೆಯ ಬಗ್ಗೆ ಕೇಳುವುದಿಲ್ಲ. “ನಾಳೆ ಜೊತೆಗೆ ಯಾರು ಬರುತ್ತಾರೆ?” ಎಂದು ಕೇಳುತ್ತಾರೆ. ಹೆಸರು ಹೇಳಿದರೆ ಸಾಲದು, ಅವನ ಕೈಗೆ ಫೋನ್ ಕೊಡಿಸಿ, “ಬೇಟಾ, ಮೇಲೆ ನೀನೇ ಇರುತ್ತೀಯಲ್ಲ?” ಎಂದು ಅವನ ಬಾಯಿಂದಲೇ ಹೂಂಗುಡಿಸಿಕೊಳ್ಳುತ್ತಾರೆ. ಆ ಹುಡುಗನ ತಾಯಿಯ ನಂಬರನ್ನೂ ಬರೆದಿಟ್ಟುಕೊಂಡಿದ್ದಾರೆ. ಅವರಿಬ್ಬರೂ ಈಗ ಮಾತಾಡಿಕೊಳ್ಳುತ್ತಾರಂತೆ.