ಬಾಳೆಗಿಡದ ನೋಟು

ಭಾನುವಾರ ಕಾಫಿ ಮುಗಿದ ಮೇಲೆ ನನ್ನ ಮೇಜಿನ ಮೇಲೆ ಒಂದು ಭೂತಗನ್ನಡಿ, ಇನ್ನೂರು ಪುಟದ ನೋಟ್‌ಬುಕ್ಕು ಮತ್ತು ಚಿಕ್ಕತಾತನ ಟ್ರಂಕಿನಿಂದ ತೆಗೆದ ಬಟ್ಟೆಗಂಟು ಬಂದು ಕೂರುತ್ತವೆ. ಆಮೇಲೆ ಮಧ್ಯಾಹ್ನದ ಊಟಕ್ಕೆ ಮನೆಯವರು ಎರಡು ಸಲ ಕೂಗಬೇಕು.

ನಮ್ಮ ತಾತನ ತಮ್ಮ ಮೈಸೂರು ಸಂಸ್ಥಾನದ ಕಾಲಾಳು ಪಡೆಯಲ್ಲಿದ್ದರು. ಆ ಬೆಟಾಲಿಯನ್ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರ ಭಾನುವಾರ ಬ್ರಿಟಿಷರು ಅಲ್ಲಿ ಜಪಾನೀಯರಿಗೆ ಶರಣಾದಾಗ ಚಿಕ್ಕತಾತನೂ ಸೆರೆಯಾದರು. ಮನೆಗೆ ಮೂರು ವರ್ಷ ಸುದ್ದಿಯಿಲ್ಲ. ಯುದ್ಧ ಮುಗಿದ ಮೇಲೆ ಒಂದು ಸಂಜೆ ಬಸ್ಸಿಳಿದು, ಕೆರೆ ಏರಿಯ ಮೇಲೆ ನಡೆದುಕೊಂಡು ಬಂದರಂತೆ. ಆಮೇಲೆ ನಲವತ್ತು ವರ್ಷ ಬದುಕಿದರೂ ಆ ಕಾಲದ ಬಗ್ಗೆ ಬಾಯಿ ಬಿಡಲಿಲ್ಲ.

ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ನಡುವೆ ಗೆರೆ ಎಳೆದಿದ್ದೇನೆ. ಎಡಕ್ಕೆ ‘ಮನೆಮಾತು’, ಬಲಕ್ಕೆ ‘ಕಾಗದ’. ಅಜ್ಜಿ ಹೇಳಿದ್ದು, ಚಿಕ್ಕತಾತನ ಮಗಳಾದ ಅತ್ತೆಗೆ ನೆನಪಿರುವುದು, ಊರವರು ಆಡಿಕೊಂಡದ್ದು ಎಡಕ್ಕೆ ಹೋಗುತ್ತವೆ. ಕಡತ, ಪದಕ, ಫೋಟೊ ಬಲಕ್ಕೆ. ಎರಡೂ ಒಂದೇ ಸಾಲಿನಲ್ಲಿ ಕೂಡಿದ ದಿನ ನನಗೆ ಹಬ್ಬ. ಹನ್ನೊಂದು ವರ್ಷದಲ್ಲಿ ಅಂಥ ಹಬ್ಬಗಳು ಆರೋ ಏಳೋ ಬಂದಿವೆ. ಅಷ್ಟು ಸಾಕು.

ಮೊದಲನೆಯದು ಪದಕದಿಂದ ಬಂತು. ಊರಲ್ಲಿ ಅವರನ್ನು ಎಲ್ಲರೂ ‘ಬರ್ಮಾದ ಯಜಮಾನರು’ ಅನ್ನುತ್ತಿದ್ದರು. ಗಂಟಿನೊಳಗಿನ ಆರು ಮೂಲೆಯ ನಕ್ಷತ್ರಕ್ಕೆ ಮಾಸಿದ ಪಟ್ಟಿ ಇತ್ತು: ಅಂಚಿಗೆ ಕೆಂಪು, ಒಳಗೆ ಕಡುಹಸಿರು, ನಟ್ಟನಡುವೆ ಹಳದಿ. ಅದು ಪೆಸಿಫಿಕ್ ಸ್ಟಾರ್. ಹಸಿರು ಕಾಡಿಗೆ, ಹಳದಿ ಕಡಲತೀರದ ಮರಳಿಗೆ. ಬರ್ಮಾದಲ್ಲೂ ಹೋರಾಡಿದ್ದರೆ ಅದೇ ಪಟ್ಟಿಯ ಮೇಲೆ ‘ಬರ್ಮಾ’ ಎಂದು ಕೆತ್ತಿದ ಲೋಹದ ಅಡ್ಡಪಟ್ಟಿ ಇರಬೇಕಿತ್ತು. ಇರಲಿಲ್ಲ. ಊರು ನಲವತ್ತು ವರ್ಷ ತಪ್ಪು ದೇಶದ ಹೆಸರು ಹಿಡಿದು ಕರೆದಿತ್ತು, ಅವರು ಒಮ್ಮೆಯೂ ತಿದ್ದಿರಲಿಲ್ಲ.

ಆಮೇಲೆ ಆ ನೋಟು. ನಾಲ್ಕು ಮಡಿಕೆಯಾಗಿ, ಗೆದ್ದಲು ತಿಂದ ಡಿಸ್ಚಾರ್ಜ್ ಕಾಗದದೊಳಗಿತ್ತು. ಹತ್ತು ಡಾಲರ್, ಅದರ ಮೇಲೊಂದು ಬಾಳೆಗಿಡ. ಜಪಾನ್ ತಾನು ಗೆದ್ದ ಮಲಯಾಕ್ಕೆಂದು ಅಚ್ಚು ಹಾಕಿದ ಹಣವಿದು. ಅಲ್ಲಿನವರು ‘ಬನಾನಾ ಮನಿ’ ಅಂತಲೇ ಕರೆದರು. ಭೂತಗನ್ನಡಿ ಹಿಡಿದರೆ ಅದರ ಗುರುತು ‘ಎಂ’ ಅಕ್ಷರದಿಂದ ಶುರುವಾಗುತ್ತದೆ. ಎಂ ಎಂದರೆ ಮಲಯಾ. ಬರ್ಮಾಕ್ಕೆ ಹಾಕಿದ ನೋಟಿಗೆ ‘ಬಿ’ ಇರುತ್ತಿತ್ತು. 1945ರಲ್ಲಿ ಜಪಾನ್ ಸೋತದ್ದೇ ಇದು ಬರಿ ಕಾಗದವಾಯಿತು. ಒಂದು ಕಡಲೆಬೀಜವೂ ಕೊಳ್ಳಲಾಗದ ಹಣವನ್ನು ಅವರು ಅಷ್ಟು ಜತನದಿಂದ ಮನೆಗೆ ತಂದಿದ್ದರು. ಅದನ್ನು ಬಿಡಿಸುವಾಗಲೆಲ್ಲ ನನ್ನ ಬೆರಳು ತಾನಾಗಿ ನಿಧಾನವಾಗುತ್ತದೆ.

ಹೆಸರು ಹುಡುಕುವುದು ಬೇರೆಯೇ ಕಸುಬು. ನಮ್ಮ ‘ಯ್ಯ’ ಇಂಗ್ಲಿಷಿನಲ್ಲಿ ಒಂದು ಕಡೆ ‘ಐ’ ಹಿಡಿದುಕೊಂಡರೆ ಇನ್ನೊಂದು ಕಡೆ ‘ವೈ’ ಹಿಡಿದುಕೊಳ್ಳುತ್ತದೆ. ಒತ್ತಕ್ಷರ ಅರ್ಧ ಕಡತಗಳಲ್ಲಿ ಉದುರಿಹೋಗಿರುತ್ತದೆ. ಒಂದೇ ಹೆಸರನ್ನು ಹದಿನಾಲ್ಕು ಬಗೆಯಾಗಿ ಬರೆದು ಒಂದೊಂದನ್ನೇ ಹುಡುಕಿದ್ದೇನೆ. ಸತ್ತವರ ಲೆಕ್ಕ ಚೊಕ್ಕವಾಗಿದೆ: ಸಿಂಗಪುರದ ಕ್ರಾಂಜಿ ಸ್ಮಾರಕದ ಕಲ್ಲುಗಳ ಮೇಲೆ ಗೋರಿ ಸಿಗದ 24,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಬದುಕಿ ಬಂದವರ ವಿವರ ಮಾತ್ರ ಟ್ರಂಕುಗಳಲ್ಲಿ ಚದುರಿಹೋಗಿದೆ.

“ನೇತಾಜಿ ಸೇನೆಯಲ್ಲಿದ್ದರಾ?” ಎಂದು ಕೇಳದವರಿಲ್ಲ. ಶರಣಾದ ಎರಡು ದಿನಕ್ಕೆ, ಫೆಬ್ರವರಿ 17ರಂದು, 40,000ಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಫಾರರ್ ಪಾರ್ಕ್ ಮೈದಾನದಲ್ಲಿ ಕೂಡಿಸಿ ಜಪಾನೀಯರ ವಶಕ್ಕೆ ಒಪ್ಪಿಸಿದರು. ಕ್ಯಾಪ್ಟನ್ ಮೋಹನ್ ಸಿಂಗ್ ಅಲ್ಲೇ ಆಜಾದ್ ಹಿಂದ್ ಫೌಜಿಗೆ ಕರೆ ಕೊಟ್ಟರು. ಸಾವಿರಾರು ಜನ ಸೇರಿದರು, ಸಾವಿರಾರು ಜನ ಒಲ್ಲೆವೆಂದರು. ಒಲ್ಲೆನೆಂದವರಲ್ಲಿ ಅನೇಕರನ್ನು 1943ರಲ್ಲಿ ಹಡಗಿಗೆ ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿಗೆ ಒಯ್ದರು. ರಬೌಲ್, ವೆವಾಕ್‌ಗಳಲ್ಲಿ ಉಳಿದುಕೊಂಡವರನ್ನು 1945ರಲ್ಲಿ ಆಸ್ಟ್ರೇಲಿಯಾದ ಸೈನಿಕರು ಕಂಡು ತೆಗೆದ ಫೋಟೊಗಳು ಆ ದೇಶದ ಯುದ್ಧ ಸ್ಮಾರಕದಲ್ಲಿವೆ. ಪಕ್ಕೆಲುಬು ಎಣಿಸಬಹುದಾದ ಆ ಜನರ ಮುಖಗಳನ್ನು ನಾನು ಆತುರಪಡದೆ ಒಂದೊಂದಾಗಿ ನೋಡುತ್ತೇನೆ. ಸೇರಿದವರನ್ನಾಗಲಿ ಒಲ್ಲೆನೆಂದವರನ್ನಾಗಲಿ, ಹೊಟ್ಟೆ ತುಂಬ ಉಂಡು ಕೂತ ನಾನು ತೂಗಲಾರೆ. ಚಿಕ್ಕತಾತನ ನೋಟು ಅವರು ಮಲಯಾದಲ್ಲಿದ್ದರೆಂದಷ್ಟೇ ಹೇಳುತ್ತದೆ. ನಾನೂ ಅಷ್ಟೇ ಬರೆದಿದ್ದೇನೆ.

ಹೋದ ತಿಂಗಳು ಇನ್ನೊಂದು ಸಾಲು ಕೂಡಿತು. ಎಡಭಾಗದಲ್ಲಿ ಅಜ್ಜಿಯ ಮಾತಿತ್ತು: “ನಮ್ಮ ಮೈದುನನಿಗೆ ಮರಗೆಣಸು ಕಂಡರಾಗದು. ಬೇಯಿಸಿದ ವಾಸನೆ ಬಂದರೆ ಎದ್ದು ಜಗಲಿಗೆ ಹೋಗಿಬಿಡೋರು.” ಜಪಾನೀಯರ ಆಳ್ವಿಕೆಯಲ್ಲಿ ಸಿಂಗಪುರಕ್ಕೆ ಬರ್ಮಾ, ಸಯಾಮಿನ ಅಕ್ಕಿ ಸಾಲದಾಗಿ, ಊರಿಗೆ ಊರೇ ಮರಗೆಣಸು ತಿಂದು ದಿನ ತಳ್ಳಿದ್ದನ್ನು ಅಲ್ಲಿನವರ ನೆನಪುಗಳಲ್ಲಿ ಓದಿದೆ. ತಕ್ಷಣ ಅತ್ತೆಗೆ ಫೋನು ಮಾಡಿ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಅಪ್ಪ ತಿಂತಿರಲಿಲ್ಲ, ನಿಜ ಕಣೋ. ಆದರೆ ಹಿತ್ತಲಲ್ಲಿ ಒಂದು ಸಾಲು ಮರಗೆಣಸು ನೆಡದೆ ಯಾವ ವರ್ಷಾನೂ ಬಿಟ್ಟೋರಲ್ಲ. ಯಾಕಪ್ಪಾ ಅಂದ್ರೆ, ಇರಲಿ ಬಿಡು ಅನ್ನೋರು.”

ಪೆನ್ನು ತೆಗೆದು ಎಡಭಾಗದಲ್ಲಿ ಬರೆದುಕೊಂಡೆ.