ಮೂಲಸ್ಥಿತಿ

ಮದುವೆಯ ಮನೆಯ ಮುಂದೆ ಚಪ್ಪರ ಏಳುತ್ತದೆ. ತೆಂಗಿನ ಗರಿ, ಮಾವಿನ ತೋರಣ, ಬಾಳೆಯ ಕಂಬಗಳಿಂದ ಅಂಗಳದ ಚಹರೆಯೇ ಬೇರೆಯಾಗುತ್ತದೆ. ಮದುವೆ ಮುಗಿದ ಮೇಲೆ ಚಪ್ಪರವನ್ನು ಬಿಚ್ಚಿ, ಗುಳಿಗಳನ್ನು ಮುಚ್ಚಿ, ಅಂಗಳವನ್ನು ಸಾರಿಸಿದರೆ ಮನೆ ಮೊದಲಿನಂತಾಗುತ್ತದೆ. ಚಪ್ಪರ ತೆಗೆಯುವ ಸಲುವಾಗಿ ಮನೆಯನ್ನೇ ಕೆಡವಿದವರು ಯಾರೂ ಇಲ್ಲ. ಆದರೆ ಮನೆಯೊಳಗಿನ ಗಣಕಯಂತ್ರದ ವಿಷಯದಲ್ಲಿ ಮನುಷ್ಯನು ಎಷ್ಟೋ ಸಲ ಇಂತಹ ಅವಿವೇಕವನ್ನೇ ಮಾಡುತ್ತಾನೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುವ ಒಬ್ಬ ರೈತನ ಮನೆಯನ್ನು ಕಲ್ಪಿಸಿಕೊಳ್ಳೋಣ. ಆ ಮನೆಯ ಗಣಕಯಂತ್ರದಲ್ಲಿ ಬ್ಯಾರನ್ನಿನ ಸೌದೆಯ ಲೆಕ್ಕವಿದೆ, ಹರಾಜಿನ ಲೆಕ್ಕವಿದೆ. ಇವೆರಡಕ್ಕಿಂತಲೂ ಬೆಲೆಯುಳ್ಳ ಇನ್ನೊಂದು ವಸ್ತುವೂ ಇದೆ. ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ಮೊಮ್ಮಗಳು ಎರಡು ಬೇಸಿಗೆ ರಜೆಗಳಲ್ಲಿ ಕುಳಿತು ಬೆರಳಚ್ಚು ಮಾಡಿಟ್ಟಿದ್ದಾಳೆ. ಅಜ್ಜಿ ಈಗಿಲ್ಲ, ಆ ಪದಗಳನ್ನು ಬಲ್ಲ ಬೇರೊಬ್ಬರೂ ಊರಿನಲ್ಲಿಲ್ಲ. ಒಂದು ದಿನ ತಮ್ಮನು ಆಟದ ಭರದಲ್ಲಿ ಏನನ್ನೋ ಒತ್ತುತ್ತಾನೆ. ಪರದೆಯ ಮೇಲಿದ್ದ ಗುರುತುಚಿತ್ರಗಳೆಲ್ಲ ಮಾಯವಾಗುತ್ತವೆ. "ಅಕ್ಕ, ಅಜ್ಜಿಯ ಪದಗಳೆಲ್ಲ ಹೋದವು!" ಎಂದು ಅವನು ಅಳುತ್ತಾನೆ. ನೆರೆಯವನೊಬ್ಬ ಬಂದು ನೋಡಿ, "ಫಾರ್ಮ್ಯಾಟ್ ಮಾಡಿಬಿಡು ಕಣವ್ವ, ಹೊಸದರ ಹಾಗೆ ಆಗುತ್ತದೆ" ಎನ್ನುತ್ತಾನೆ.

ಹೊಸದರ ಹಾಗೆ ಆಗುವುದು ನಿಜ. ಆದರೆ ಹೊಸ ಯಂತ್ರದಲ್ಲಿ ಅಜ್ಜಿಯ ಪದಗಳು ಇರಲಿಲ್ಲವೆಂಬುದೂ ಅಷ್ಟೇ ನಿಜ!

ಗಣಕದ ಪರದೆಯನ್ನು ಮೇಜಿನ ಮೇಲ್ಭಾಗವೆಂದು ಭಾವಿಸುವ ಕಲ್ಪನೆ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಬೆಳೆಯಿತು. 1973ರಲ್ಲಿ ಅಲ್ಲಿ ಆಲ್ಟೊ ಎಂಬ ಯಂತ್ರ ಸಿದ್ಧವಾಯಿತು. 1981ರಲ್ಲಿ ಬಂದ ಸ್ಟಾರ್ ಯಂತ್ರದ ಪರದೆಯಲ್ಲಿ ಕಾಗದ, ಕಡತಗಳ ಪುಟ್ಟ ಚಿತ್ರಗಳೇ ಇದ್ದುವು. ಮೇಜಿನ ಮೇಲೆ ಬಟ್ಟೆ ಹೊದಿಸಿದರೆ ಅದರಡಿಯ ಕಾಗದ ಸುಟ್ಟುಹೋಗುವುದಿಲ್ಲವಷ್ಟೆ. ವಿಂಡೋಸ್ ಯಂತ್ರಗಳಲ್ಲಿ ಗುರುತುಚಿತ್ರಗಳನ್ನು ತೋರಿಸುವ ಅಥವಾ ಮರೆಮಾಡುವ ಒಂದು ಆಯ್ಕೆ ಉಂಟು. ಪರದೆಯ ಬರಿದಾದ ಜಾಗದಲ್ಲಿ ಮೌಸಿನ ಬಲಗುಂಡಿಯನ್ನು ಒತ್ತಿ, 'ವ್ಯೂ' ಎಂಬಲ್ಲಿ ಆ ಆಯ್ಕೆಗೆ ಮತ್ತೆ ಗುರುತು ಹಾಕಿದರೆ, ಮರೆಯಾದುವೆಲ್ಲ ಮರಳಿ ಬರುತ್ತವೆ. ಬಣ್ಣ, ಹಿನ್ನೆಲೆಯ ಚಿತ್ರ ಮುಂತಾದುವನ್ನೂ ಮೊದಲಿನಂತೆ ಮಾಡಿಕೊಳ್ಳಬಹುದು. ಇವೆಲ್ಲ ಕೇವಲ ಏರ್ಪಾಡುಗಳು. ಬರಹಗಳಿರುವ ಜಾಗವೇ ಬೇರೆ.

ಒಂದು ಹೆಜ್ಜೆ ಮುಂದೆ ಹೋದರೆ ಎಚ್ಚರ ಬೇಕಾಗುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಇಡೀ ಯಂತ್ರವನ್ನೇ ಮೂಲಸ್ಥಿತಿಗೆ ತರುವ ಸೌಲಭ್ಯವಿದೆ. ಆಗ ಅದು ಎರಡು ದಾರಿಗಳನ್ನು ಮುಂದಿಡುತ್ತದೆ: ಕಡತಗಳನ್ನು ಉಳಿಸಿಕೊಳ್ಳುವುದು ಒಂದು, ಎಲ್ಲವನ್ನೂ ಅಳಿಸುವುದು ಇನ್ನೊಂದು. ಮೊದಲನೆಯದನ್ನೇ ಆರಿಸಿದರೂ ಮನೆಯವರು ಸೇರಿಸಿಕೊಂಡ ತಂತ್ರಾಂಶಗಳು ಹೋಗುತ್ತವೆ. ಅವುಗಳ ಜೊತೆಗೆ ನುಡಿ, ಬರಹ ಮೊದಲಾದ ಕನ್ನಡ ತಂತ್ರಾಂಶಗಳೂ ಹೋಗುತ್ತವೆ. ಹಳೆಯ ನುಡಿಯಲ್ಲಿ ಬರೆದ ಕಡತವನ್ನು ಅದರ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಸೋಬಾನೆ ಪದಗಳ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಕಡತ ಕೆಟ್ಟಿತೆಂದು ಅದನ್ನು ಅಳಿಸಿದವರುಂಟು. ವಾಸ್ತವದಲ್ಲಿ ಕಡತ ಕೆಟ್ಟಿಲ್ಲ, ಅದನ್ನು ಓದುವ ಕನ್ನಡಕ ಕಳೆದಿದೆ. ಆ ಅಕ್ಷರಶೈಲಿಯನ್ನು ಮತ್ತೆ ಅಳವಡಿಸಿದರೆ ಪದಗಳು ಬೆಳಗುತ್ತವೆ. 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟ ಯುನಿಕೋಡ್ ಸಂಕೇತಕ್ಕೆ ಅವನ್ನು ಪರಿವರ್ತಿಸಿಟ್ಟರೆ ಈ ತೊಂದರೆಯೇ ಇರುವುದಿಲ್ಲ.

ಇಲ್ಲಿ ಯೋಚಿಸಬೇಕಾದ ಮತ್ತೊಂದು ಸಂಗತಿಯಿದೆ. ಮೂಲಸ್ಥಿತಿ ಎಂದರೆ ಯಾರ ಮೂಲ? ದೂರದ ದೇಶದಲ್ಲಿ ಯಾರೋ ನಿಶ್ಚಯಿಸಿದ ಏರ್ಪಾಡು ಅದು. ಅಂಗಡಿಯಿಂದ ತಂದ ಯಂತ್ರದ ಕೀಲಿಮಣೆ ಸಾಮಾನ್ಯವಾಗಿ ಇಂಗ್ಲಿಷಿನದು. ಕೆ. ಪಿ. ರಾವ್ ಅವರಂಥವರು ಶ್ರಮಿಸಿ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟುದರಿಂದ ಇಂದು ಕನ್ನಡಿಗನು ತನ್ನ ನುಡಿಯನ್ನು ಅದೇ ಗುಂಡಿಗಳಿಂದ ಸಲೀಸಾಗಿ ಬರೆಯಬಲ್ಲನು. ಆದರೆ ಯಂತ್ರ ಮೂಲಸ್ಥಿತಿಗೆ ಮರಳಿದಾಗಲೆಲ್ಲ ಕನ್ನಡವನ್ನು ಮತ್ತೊಮ್ಮೆ ಕೈಯಾರೆ ಒಳಗೆ ಕರೆದುಕೊಳ್ಳಬೇಕಾಗುತ್ತದೆ. ಹೀಗೆ ಕರೆಯುವವರಿಲ್ಲದಿದ್ದರೆ ಅದು ಹೊರಗೇ ನಿಲ್ಲುತ್ತದೆ.

ಆದುದರಿಂದ ಯಾವುದನ್ನೇ ಮೊದಲಿನಂತೆ ಮಾಡಹೊರಡುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕೆಟ್ಟಿರುವುದು ಏರ್ಪಾಡೋ, ವಸ್ತುವೋ? ಮತ್ತೆ ಸಿಗದಿರುವಂಥದು ಇದರಲ್ಲಿ ಏನಿದೆ? ಎರಡನೆಯದಕ್ಕೆ ಉತ್ತರ ದೊರೆತೊಡನೆ ಅದರದೊಂದು ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಯಂತ್ರವನ್ನು ಮತ್ತೆ ಕೊಳ್ಳಬಹುದು, ಪರದೆಯನ್ನು ಮತ್ತೆ ಸಿಂಗರಿಸಬಹುದು. ಅಗಲಿಹೋದ ಅಜ್ಜಿಯನ್ನು ಕೂರಿಸಿಕೊಂಡು ಇನ್ನೊಂದು ಬೇಸಿಗೆ ಪದ ಬರೆದುಕೊಳ್ಳಲಾಗದು.