ಉಬ್ರಾಣಿಯ ಜಾರುಹಾದಿ

ಚನ್ನಗಿರಿಯ ಕಡೆಯಿಂದ ಉಬ್ರಾಣಿಗೆ ಹೋಗಿಬಂದವರು ಅಲ್ಲಿಯ ಅಡಿಕೆ ತೋಟಗಳನ್ನು ವರ್ಣಿಸುವುದುಂಟು. ಹೋದ ಹಾದಿಯನ್ನು ವರ್ಣಿಸುವವರು ವಿರಳ. ತೋಟಗಳು ವರ್ಣನೆಗೆ ತಕ್ಕವೆಂಬುದರಲ್ಲಿ ಸಂಶಯವಿಲ್ಲ. ಚನ್ನಗಿರಿ ತಾಲ್ಲೂಕು 1997ರ ವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಆ ವರ್ಷ ದಾವಣಗೆರೆ ಜಿಲ್ಲೆಯು ಹುಟ್ಟಿದಾಗ ಅದರ ಪಾಲಿಗೆ ಬಂದಿತು. ಆದರೆ ಉಬ್ರಾಣಿ ಹೋಬಳಿಯ ನೆಲವು ಜಗಳೂರಿನ ಬಯಲಿಗೆ ನಂಟಲ್ಲ, ಮಲೆನಾಡಿನ ಸೆರಗಿಗೇ ನಂಟು. ಭದ್ರೆಯ ನೀರನ್ನು ಮೇಲೆತ್ತಿ ಚನ್ನಗಿರಿ ಮತ್ತು ತರೀಕೆರೆ ತಾಲ್ಲೂಕುಗಳ ಕೆರೆಗಳನ್ನು ತುಂಬುವ ಏತ ನೀರಾವರಿಯ ಯೋಜನೆಗೆ ಉಬ್ರಾಣಿ–ಅಮೃತಾಪುರ ಎಂದೇ ಹೆಸರಿಟ್ಟಿದ್ದಾರೆ. ಹೊಯ್ಸಳರ ಕಾಲದ ಅಮೃತೇಶ್ವರನಿರುವ ಅಮೃತಾಪುರದೊಡನೆ ಈ ಊರಿನ ಹೆಸರು ನೀರಿನ ನೆಪದಿಂದ ಹೀಗೆ ಜೊತೆಗೂಡಿದುದು ನಮಗೆ ಸೊಗಸಾಗಿ ತೋರಿತು.

ನಾವು ಈ ಹಾದಿಯಲ್ಲಿ ಹೋದುದು ಮಾರ್ಗಶಿರ ಮಾಸದಲ್ಲಿ. ಸುಗ್ಗಿಯ ಕಾಲ. ಕೊಯ್ದ ರಾಗಿಯನ್ನು ಸಿವುಡು ಬಿಚ್ಚಿ ಹಾದಿಯ ಅರ್ಧಭಾಗಕ್ಕೆ ಹಾಸಿದ್ದರು. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಅದರ ಮೇಲೆ ಹಾದುಹೋಗುತ್ತಿದ್ದವು. ಮೊರ ಜರಡಿಗಳನ್ನು ಹಿಡಿದ ಹೆಂಗಸರು ಬದಿಯಲ್ಲಿ ಕಾದಿದ್ದು, ಗಾಡಿ ದಾಟಿದೊಡನೆ ಓಡಿ ಹುಲ್ಲನ್ನು ಮಗುಚುತ್ತಿದ್ದರು. ಮುಂದೆ ಹೋದಂತೆ ಮೆಕ್ಕೆಜೋಳ. ಅದನ್ನು ಹಾದಿಯ ಮೇಲೆ ಒಣಹಾಕಿ, ಚಕ್ರ ಹಾಯದಂತೆ ಸುತ್ತಲೂ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಇನ್ನೊಂದು ತಿರುವಿನಲ್ಲಿ ಅಡಿಕೆ ಸುಲಿದ ಹಸಿ ಸಿಪ್ಪೆಯ ರಾಶಿ. ಅದಕ್ಕೆ ಯಾರೋ ಬೆಂಕಿ ಹಚ್ಚಿದ್ದು, ಉರಿಯದೆ ಆರದೆ ಹೊಗೆಯನ್ನು ಹಾದಿಗೆ ಅಡ್ಡಲಾಗಿ ಕಾರುತ್ತಿತ್ತು.

ಒಂದು ಚಹದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಅಲ್ಲಿ ಕುಳಿತಿದ್ದ ವೃದ್ಧ ರೈತರೊಬ್ಬರನ್ನು, "ಯಜಮಾನರೇ, ಕಣ ಮಾಡುವ ಪದ್ಧತಿ ಹೋಯಿತೇ?" ಎಂದು ಕೇಳಿದೆವು.

"ಎತ್ತು ಎಲ್ಲೈತೆ ಸ್ವಾಮಿ ಕಣ ಮಾಡಾಕೆ?" ಎಂದರು ಅವರು. "ಕಣದ ಜಾಗಕ್ಕೆಲ್ಲ ಅಡಿಕೆ ಇಟ್ಟಾಯ್ತು. ಈಗ ಸರ್ಕಾರದ ರಸ್ತೇನೇ ನಮ್ ಕಣ, ಬಸ್ಸೇ ನಮ್ ರೋಣಗಲ್ಲು."

ಮಾತು ನಗೆ ತರುವಂತಹುದು, ಆದರೆ ಸುಳ್ಳಲ್ಲ. ನಮ್ಮ ವಾಚಕರಲ್ಲಿ ಹಿರಿಯರಾದವರು ಹಳೆಯ ಕಣವನ್ನು ಕಂಡಿರುವರು. ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ತುಳಿಸಿ ಗಟ್ಟಿಮಾಡಿ, ಸೆಗಣಿಯಿಂದ ಸಾರಿಸುವುದು. ನಡುವೆ ಮೇಟಿಯನ್ನು ನೆಡುವುದು. ಅದರ ಸುತ್ತ ಎತ್ತುಗಳು ರೋಣಗಲ್ಲನ್ನು ಎಳೆಯುತ್ತ ತಿರುಗುವುದು. ಗಾಳಿ ಬಂದಾಗ ತೂರಿ, ರಾಶಿಗೆ ಪೂಜೆ ಮಾಡಿ ಅಳೆಯುವುದು. ಕಣದೊಳಕ್ಕೆ ಮೆಟ್ಟು ಹಾಕಿಕೊಂಡು ಕಾಲಿಡುವಂತಿರಲಿಲ್ಲ. ಆ ಧಾನ್ಯವೇ ಈಗ ಎಣ್ಣೆ ಸುರಿದ ಡಾಮರಿನ ಮೇಲೆ ಸಾವಿರ ಟೈರುಗಳ ಅಡಿಯಲ್ಲಿ ಬಿದ್ದಿದೆಯೆಂದು ಮರುಗುವವರುಂಟು. ನಮ್ಮ ಮರುಕ ಬೇರೆಯದು. ಆ ರಾಗಿಯ ಮೇಲೆ ಮನುಷ್ಯರೂ ಬೀಳುತ್ತಾರೆ.

ಹಿಮ ಸುರಿಯುವ ದೇಶಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳವರು ಊರಿಗೆ ಬಂದಾಗ, ಚಳಿಗಾಲದಲ್ಲಿ ಅಲ್ಲಿ ಮೋಟಾರು ನಡೆಸುವುದರ ಭಯವನ್ನು ಹೇಳುವುದುಂಟು. ಹಾದಿಯ ಮೇಲೆ ನೀರು ಗಾಜಿನಂತೆ ಹೆಪ್ಪುಗಟ್ಟಿ, ಕಪ್ಪು ಡಾಮರು ಅದರೊಳಗಿಂದ ಕಾಣುತ್ತಿರುವುದರಿಂದ, ಮೇಲೆ ಪೊರೆಯಿರುವುದೇ ತಿಳಿಯದಂತೆ. ಅಲ್ಲಿಯ ಜನ ಅದಕ್ಕೆ ಸಿದ್ಧರಾಗಿರುತ್ತಾರೆ. ಹಾದಿಗೆ ಉಪ್ಪು ಚೆಲ್ಲುತ್ತಾರೆ, ಚಳಿಗಾಲಕ್ಕೆಂದೇ ಬೇರೆ ಟೈರು ಹಾಕುತ್ತಾರೆ. ಸ್ವೀಡನ್ನಿನಲ್ಲಂತೂ ಜಾರುನೆಲದ ಮೇಲೆ ಅಭ್ಯಾಸ ಮಾಡಿದ ಹೊರತು ಹೊಸಬರಿಗೆ ಕಾರಿನ ಪರವಾನಗಿಯೇ ದೊರೆಯದು. ಆ ಮಂಜನ್ನು ಯಾರೂ ತಂದು ಹಾಕಿದ್ದಲ್ಲ, ಆಕಾಶದಿಂದ ಬಿದ್ದದ್ದು. ಉಬ್ರಾಣಿಯ ಜಾರಿಕೆಯಾದರೋ ಬಹುಮಟ್ಟಿಗೆ ನಾವೇ ಹೊತ್ತು ತಂದು ಹಾಸಿದುದು. ರಾಗಿಯ ಹುಲ್ಲು, ಜೋಳದ ಕಾಳು, ಸಿಪ್ಪೆ ಇವು ಸುಗ್ಗಿಯವಾದರೆ, ಬೇಸಗೆಯಲ್ಲಿ ತೋಟಗಳಿಗೆ ಕೆರೆಯ ಗೋಡು ಸಾಗಿಸುವ ಟ್ರ್ಯಾಕ್ಟರುಗಳು ಉದ್ದಕ್ಕೂ ಮಣ್ಣು ಚೆಲ್ಲಿರುತ್ತವೆ. ಮೊದಲ ಮಳೆ ಹನಿದು ಆ ಗೋಡು ನೆನೆದ ಅರ್ಧ ಗಂಟೆಯಷ್ಟು ಅಪಾಯದ ಹೊತ್ತು ವರ್ಷದಲ್ಲಿ ಇನ್ನೊಂದಿಲ್ಲ. ಜೋರು ಮಳೆ ಸುರಿದು ತೊಳೆದುಹೋದ ಮೇಲೆ ಹಾದಿಯು ಮತ್ತೆ ಎಷ್ಟೋ ವಾಸಿ.

ಜಾರುವಿಕೆಯ ಲೆಕ್ಕವು ಗೃಹಸ್ಥರೆಲ್ಲರೂ ತಿಳಿಯಬಹುದಾದಷ್ಟು ಸುಲಭ. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಹೋಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಇಷ್ಟು ದೂರ ಮುಗಿದಿರುತ್ತದೆ. ಬ್ರೇಕು ಹಿಡಿದ ಮೇಲೆ, ಒಣ ಡಾಮರಿನ ಮೇಲಾದರೆ ಸುಮಾರು 20 ಮೀಟರಿನಲ್ಲಿ ನಿಂತೀತು. ನೆನೆದ ಹಾದಿಯಲ್ಲಿ ಸುಮಾರು 35 ಮೀಟರು ಬೇಕು. ಹೆಪ್ಪುಗಟ್ಟಿದ ಮಂಜಿನ ಮೇಲೆ 140ಕ್ಕೂ ಕಡಮೆಯಿಲ್ಲ. ನೆನೆದ ಗೋಡು, ಹುಲ್ಲು, ಉರುಳುವ ಕಾಳುಗಳು ಈ ಎರಡರ ನಡುವೆ ಎಲ್ಲಿಯಾದರೂ ಇರಬಹುದು, ಮತ್ತು ಹೆಜ್ಜೆಹೆಜ್ಜೆಗೂ ಬದಲಾಗುತ್ತವೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ನಿಲ್ಲುವ ದೂರವು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಹುಲ್ಲು ಕಾಣುವ ಮೊದಲೇ 30ಕ್ಕೆ ಇಳಿದವನಿಗೂ, ಹುಲ್ಲಿನ ಮೇಲೆ ಹೋಗಿ ಬ್ರೇಕು ಒತ್ತಿದವನಿಗೂ ಇರುವ ಅಂತರ ಇದೇ. ಹುಲ್ಲಿನ ಮೇಲೆ ಹೋದ ಮೇಲಂತೂ ಬ್ರೇಕನ್ನು, ಅದರಲ್ಲಿಯೂ ಬೈಕಿನ ಮುಂಚಕ್ರದ ಬ್ರೇಕನ್ನು, ಹಠಾತ್ತಾಗಿ ಹಿಡಿಯಲಾಗದು. ಹ್ಯಾಂಡಲನ್ನು ನೇರವಾಗಿ ಹಿಡಿದು ವೇಗವು ತಾನಾಗಿ ಇಳಿಯುವಂತೆ ಬಿಡಬೇಕು. ಕಾರಿನವರು ಇನ್ನೊಂದನ್ನು ಗಮನಿಸಬೇಕು. ದಪ್ಪನಾಗಿ ಹಾಸಿದ ಒಣಹುಲ್ಲು ಗಾಡಿಯ ಅಡಿಯಲ್ಲಿ ಸುತ್ತಿಕೊಂಡು, ಬಿಸಿಯಾದ ಹೊಗೆಕೊಳವೆ ತಗುಲಿ ಬೆಂಕಿ ಹೊತ್ತಿದ ಪ್ರಸಂಗಗಳು ನಮ್ಮ ನಾಡಿನಲ್ಲಿ ಹಲವು ನಡೆದಿವೆ.

ಇನ್ನು ತಪ್ಪಿನ ವಿಚಾರ. ಹಳ್ಳಿಯ ನ್ಯಾಯದಲ್ಲಿ ಇದು ಕ್ಷಣದಲ್ಲಿ ತೀರ್ಮಾನವಾಗುವ ವಿಷಯ: ದೊಡ್ಡ ಗಾಡಿಯದೇ ತಪ್ಪು. ಬೈಕೂ ಕಾರೂ ಬಡಿದರೆ ಕಾರಿನದು, ಕಾರೂ ಲಾರಿಯೂ ಬಡಿದರೆ ಲಾರಿಯದು. ಈ ನ್ಯಾಯದಲ್ಲಿ ಕರುಣೆಯಿದೆ, ವಿಚಾರವಿಲ್ಲ. ಇದಕ್ಕೆ ಪ್ರತಿಯಾಗಿ ಚಾಲಕರ ನ್ಯಾಯವೊಂದುಂಟು: "ನಾನೇನು ಮಾಡಲಿ, ಗಾಡಿ ಜಾರಿತು." ಇದೂ ನಿಲ್ಲುವಂತಹುದಲ್ಲ. ಕಾರೊಂದು ಹಾದಿಯ ಬಲಬದಿಗೆ ಸರಿದು ಮರಕ್ಕೆ ಬಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿಯೇ, ಇಂತಹ ಪ್ರಸಂಗವು ತಾನೇ ಅಜಾಗರೂಕತೆಯನ್ನು ಸಾರುತ್ತದೆ, ಹಾಗಲ್ಲವೆಂದು ತೋರಿಸುವ ಹೊಣೆ ಎದುರುಪಕ್ಷದವರದು ಎಂಬ ಅರ್ಥದ ತೀರ್ಪನ್ನು ಕೊಟ್ಟಿದೆ. ಅದೇ ಹಾದಿಯಲ್ಲಿ ದಿನವೂ ಓಡಾಡುವವನು, ಸುಗ್ಗಿಯಲ್ಲಿ ಅಲ್ಲಿ ರಾಗಿ ಹಾಸುವರೆಂಬುದನ್ನು ಬಲ್ಲವನು, ಜಾರಿತೆಂದು ಹೇಳಿದರೆ ಅದು ಅವನ ಪರವಾದ ಮಾತಾಗುವುದಕ್ಕಿಂತ ಅವನ ಮೇಲಣ ಮಾತೇ ಆದೀತು.

ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ನೋಡೋಣ. ಹಾದಿಯ ಎಡಭಾಗಕ್ಕೆ ರಾಗಿ ಹಾಸಿದೆ. ಬೈಕಿನವನು ಅದನ್ನು ತಪ್ಪಿಸಲು ಬಲಕ್ಕೆ ಬರುತ್ತಾನೆ; ಎದುರಿಗೆ ಜೀಪು ಬರುತ್ತದೆ; ಅವನು ಗಾಬರಿಯಿಂದ ಎಡಕ್ಕೆ ಎಳೆದು ಹುಲ್ಲಿನ ಮೇಲೆ ಬೀಳುತ್ತಾನೆ; ಹಿಂದಿದ್ದ ಟ್ರ್ಯಾಕ್ಟರು ನಿಲ್ಲಲಾರದೆ ಅವನ ಮೇಲೆ ಬರುತ್ತದೆ. ತಪ್ಪು ಯಾರದು? ತನ್ನ ಪಕ್ಕಕ್ಕೆ ತಡೆಯಿದ್ದವನು ಎದುರಿನವರಿಗೆ ದಾರಿ ಬಿಟ್ಟು ಕಾಯತಕ್ಕದ್ದು, ಬೈಕಿನವನು ಕಾಯಲಿಲ್ಲ. ಜೀಪು ತನ್ನ ಪಕ್ಕದಲ್ಲಿ ಮಿತವಾದ ವೇಗದಲ್ಲಿ ಬರುತ್ತಿದ್ದರೆ ಅದರ ತಪ್ಪಿಲ್ಲ; ಧಾವಿಸಿ ಬರುತ್ತಿದ್ದರೆ ಪಾಲುಂಟು. ಟ್ರ್ಯಾಕ್ಟರಿನವನು ಎಷ್ಟು ಹಿಂದೆ ಇದ್ದನೆಂಬುದು ಮುಖ್ಯ. ಮುಂದಿನ ಗಾಡಿ ಹಠಾತ್ತಾಗಿ ನಿಂತರೂ ಬಡಿಯದಷ್ಟು ದೂರದಲ್ಲಿ ಹಿಂದಿನವನು ಇರಬೇಕೆಂಬುದು 1989ರ ರಸ್ತೆ ನಿಯಮಗಳಲ್ಲಿದ್ದ ಮಾತು. ಲಾರಿಯೊಂದರ ಹಿಂದೆ ಹತ್ತು ಹದಿನೈದು ಅಡಿಯ ಅಂತರದಲ್ಲಿ ಹೋಗಿ ಬಡಿದ ಕಾರಿನ ಪ್ರಸಂಗದಲ್ಲಿ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ನಿಯಮವನ್ನು ಹಿಡಿದು ಕಾರಿನ ಚಾಲಕನನ್ನೇ ತಪ್ಪುಗಾರನೆಂದಿತು. ಹಾಗೆಂದು ಹಿಂದಿನವನೇ ಯಾವಾಗಲೂ ಅಪರಾಧಿಯೆಂದು ತಿಳಿಯಬಾರದು. 2025ರ ಜುಲೈ ತಿಂಗಳ ಇನ್ನೊಂದು ತೀರ್ಪಿನಲ್ಲಿ, ಹೆದ್ದಾರಿಯ ನಡುವೆ ಸನ್ನೆ ಕೊಡದೆ ಥಟ್ಟನೆ ನಿಲ್ಲಿಸಿದ ಕಾರಿನವನಿಗೆ ನೂರಕ್ಕೆ 50, ಹಿಂದಿನಿಂದ ಬಂದು ಬಡಿದು ಬಿದ್ದ ಬೈಕಿನವನಿಗೆ 20, ಅವನ ಮೇಲೆ ಹರಿದ ಬಸ್ಸಿನವನಿಗೆ 30 ಎಂದು ತಪ್ಪನ್ನು ಹಂಚಿದರು. ತಪ್ಪೆಂಬುದು ಒಬ್ಬರ ತಲೆಗೆ ಕಟ್ಟುವ ಮೂಟೆಯಲ್ಲ, ಅಳೆದು ಹಂಚುವ ರಾಶಿ ಎಂಬ ಈ ದೃಷ್ಟಿ ನಮಗೆ ಬಹಳ ಒಪ್ಪಿತವಾಯಿತು. ಬೈಕಿನ ಹಿಂದೆ ಕುಳಿತಿದ್ದ ಹೆಂಡತಿಗಾಗಲಿ, ಬಸ್ಸಿನೊಳಗಣ ಪ್ರಯಾಣಿಕನಿಗಾಗಲಿ ಇದರಲ್ಲಿ ಪಾಲಿಲ್ಲ. ಇಬ್ಬರ ತಪ್ಪಿನಿಂದ ನೊಂದ ಮೂರನೆಯವರು ಪೂರ್ತಿ ಪರಿಹಾರವನ್ನು ಆ ಇಬ್ಬರಲ್ಲಿ ಯಾರಿಂದ ಬೇಕಾದರೂ ಪಡೆಯಬಹುದೆಂದು 2015ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಹೇಳಿದೆ.

ಆದರೆ ನಮ್ಮ ಕಲ್ಪಿತ ಪ್ರಸಂಗದಲ್ಲಿ ಒಬ್ಬನನ್ನು ಇನ್ನೂ ಕರೆಯಲಿಲ್ಲ, ರಾಗಿ ಹಾಸಿದವನನ್ನು. ಸಾರ್ವಜನಿಕ ಹಾದಿಗೆ ಅಡ್ಡಿಯನ್ನೋ ಅಪಾಯವನ್ನೋ ಉಂಟುಮಾಡುವುದು ಅಪರಾಧ. ಭಾರತೀಯ ನ್ಯಾಯಸಂಹಿತೆಯ 285ನೆಯ ವಿಧಿಯಲ್ಲಿ ಇದಕ್ಕೆ 5,000 ರೂಪಾಯಿಗಳ ವರೆಗೆ ದಂಡವಿದೆ. ಆದರೂ ಮೋಟಾರು ಅಪಘಾತದ ನ್ಯಾಯಮಂಡಳಿಯ ಮುಂದೆ ಸಾಮಾನ್ಯವಾಗಿ ನಿಲ್ಲುವವರು ಚಾಲಕ, ಮಾಲೀಕ, ವಿಮಾ ಕಂಪೆನಿ, ಈ ಮೂವರೇ. ಹುಲ್ಲಿನವನ ಹೆಸರು ಬರುವುದು ಅಪೂರ್ವ. ಅವನು ಬಿದ್ದವನ ನೆರೆಯವನೋ ದಾಯಾದಿಯೋ ಆಗಿರುತ್ತಾನೆ. ಗಾಯಾಳುವನ್ನು ಎತ್ತಿಕೊಂಡು ಹೋಗುವ ಗಡಿಬಿಡಿಯಲ್ಲಿ ಹುಲ್ಲನ್ನೂ ಯಾರೋ ಬದಿಗೆ ಎಳೆದುಹಾಕಿರುತ್ತಾರೆ. ಪೊಲೀಸಿನವರು ಮಹಜರು ಬರೆಯುವಷ್ಟರಲ್ಲಿ ಅದು ಚೊಕ್ಕಟವಾದ ಡಾಮರು ಹಾದಿ. ಅದರ ಮೇಲೆ ಸುಮ್ಮನೆ ಬಿದ್ದ ಒಬ್ಬ ಅಜಾಗರೂಕ ಮನುಷ್ಯ.

ಇದರ ನಷ್ಟ ಬೀಳುವುದು ಮನೆಯವರ ಮೇಲೆ. ಬೇರೆ ಗಾಡಿಯ ಸಂಬಂಧವಿಲ್ಲದೆ ಒಬ್ಬನೇ ಜಾರಿ ಬಿದ್ದು ಸತ್ತರೆ, ಇತರರ ಹಾನಿಗೆಂದು ಮಾಡಿಸಿದ ವಿಮೆಯಿಂದ ಅವನ ಹೆಂಡಿರು ಮಕ್ಕಳಿಗೆ ಕಾಸೂ ಬಾರದು. ಗಾಡಿಯ ಮಾಲೀಕನೇ ಚಾಲಕನಾಗಿದ್ದು, ಅವನಿಗೆ ಸರಿಯಾದ ಪರವಾನಗಿಯಿದ್ದು, ಸ್ವಂತ ಅಪಘಾತದ ವಿಮೆಯು ಚಾಲ್ತಿಯಲ್ಲಿದ್ದರೆ 15 ಲಕ್ಷ ರೂಪಾಯಿ ದೊರೆಯುವ ಏರ್ಪಾಡಿದೆ. ವರ್ಷಕ್ಕೆ ಕೆಲವು ನೂರು ರೂಪಾಯಿಗಳ ಆ ಕಂತನ್ನು ಮರೆತವರು ಎಷ್ಟು ಮನೆಗಳಲ್ಲಿಲ್ಲ! ಇತರ ವಾಹನವಿದ್ದರೆ, ತಪ್ಪನ್ನು ರುಜುವಾತು ಮಾಡದೆಯೇ ಮರಣಕ್ಕೆ 5 ಲಕ್ಷ, ಘೋರಗಾಯಕ್ಕೆ ಎರಡೂವರೆ ಲಕ್ಷ ಕೇಳುವ ಹಕ್ಕನ್ನು 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಕಾದವರು ತಪ್ಪನ್ನು ತೋರಿಸಿಕೊಡಬೇಕು. ಆ ಕಾಯಿದೆಯು ಹೇಳುವ ಆರು ತಿಂಗಳೊಳಗೆ ಅರ್ಜಿ ಹಾಕುವುದು ಲೇಸು. ಆದುದರಿಂದ ಗಾಯಗೊಂಡವರನ್ನು ಆಸ್ಪತ್ರೆಗೆ ಕಳುಹಿಸಿದ ಮೇಲೆ, ಆ ಕೆಲಸ ಎಲ್ಲಕ್ಕೂ ಮೊದಲು, ಹಿಂದುಳಿದವರಲ್ಲಿ ಒಬ್ಬರಾದರೂ ಗಾಡಿಗಳು ನಿಂತ ಜಾಗ, ಟೈರಿನ ಗೆರೆ, ಹುಲ್ಲು ಅಥವಾ ಮಣ್ಣು ಹಾದಿಯ ಎಷ್ಟು ಅಗಲವನ್ನು ಮುಚ್ಚಿತ್ತು ಎಂಬುದು ಇವನ್ನೆಲ್ಲ ಕೈಯಲ್ಲಿರುವ ಫೋನಿನಿಂದ ಚಿತ್ರ ತೆಗೆದಿಡಬೇಕು. ಹುಲ್ಲನ್ನು ಬದಿಗೆ ಎಳೆಯುವುದು ಆಮೇಲಿನ ಮಾತು.

ರೈತನನ್ನು ಮಾತ್ರ ಗದರಿಸಿ ಹೋಗುವುದು ನಮಗೆ ಸರಿಯೆನಿಸದು. ಅವನಿಗೆ ಬೇಕಾದುದು ಒಣಗಿದ, ಗಟ್ಟಿಯಾದ ನೆಲ. ಉದ್ಯೋಗ ಖಾತರಿಯ ಹಣದಲ್ಲಿ ಕರ್ನಾಟಕದ ಅನೇಕ ಗ್ರಾಮಪಂಚಾಯತಿಗಳು ಸಿಮೆಂಟಿನ ಒಕ್ಕಣೆ ಕಣಗಳನ್ನು ಕಟ್ಟಿಸಿವೆ. ಆದರೆ ಊರಿನ ಪೈರೆಲ್ಲ ಒಂದೇ ವಾರದಲ್ಲಿ ಮಾಗುತ್ತದೆ. ಮೋಡ ಮುಸುಕಿದ ದಿನ ಒಂದು ಕಣಕ್ಕೆ ಹತ್ತು ಮನೆಯವರು ಕಾಯುತ್ತ ಕೂರಲಾರರು, ಹಾದಿಗೇ ಬರುತ್ತಾರೆ. ನಾವು ಈ ಮಾತನ್ನು ಆಡಿದಾಗ ಚಹದಂಗಡಿಯ ಯಜಮಾನರು ತಲೆದೂಗಿ, "ರಾಗಿ ಸಂಜೆಗೆ ಬಾಚಿ ತುಂಬ್ಕಂತೀವಿ ಸ್ವಾಮಿ. ಕಲ್ಲು ಮಾತ್ರ ಯಾರೂ ಎತ್ತಲ್ಲ" ಎಂದರು.

ಅದು ನಿಜ. ಮೆಕ್ಕೆಜೋಳವನ್ನು ಚೀಲಕ್ಕೆ ತುಂಬಿದ ಮೇಲೆಯೂ ಸುತ್ತಲಿಟ್ಟ ಕಲ್ಲುಗಳು ಹಾದಿಯಲ್ಲಿಯೇ ಉಳಿಯುತ್ತವೆ, ನಾಳೆಗೆ ಬೇಕಲ್ಲವೇ ಎಂದು. ಕತ್ತಲಾದ ಮೇಲೆ ಎದುರು ಗಾಡಿಯ ದೀಪ ಕಣ್ಣಿಗೆ ಹೊಡೆದಾಗ ಆ ಕಲ್ಲು ಬೈಕಿನವನಿಗೆ ಕಾಣುವುದು ಚಕ್ರಕ್ಕೆ ತಗುಲಿದ ಮೇಲೆ. ದೀಪ ಹಚ್ಚುವ ಹೊತ್ತಿಗೆ ಅವನ್ನು ಚರಂಡಿಯ ಆಚೆಗೆ ಉರುಳಿಸಲು ಒಂದು ಮನೆಯ ಇಬ್ಬರು ಹುಡುಗರು ಸಾಕು, ಕಾಲು ಗಂಟೆಯ ಕೆಲಸ.